ಇಂಗ್ಲಿಷ್ ಬರವಣಿಗೆ ತಿದ್ದಿಕೊಳ್ಳುವುದು ಹೇಗೆ?

ಗ್ರಾಮರ್ ಪುಸ್ತಕವನ್ನು ಕೊನೆಯ ಪುಟದವರೆಗೂ ಓದಿದವರು ಒಂದು ಈಮೇಲ್ ಬರೆಯಲು ಕೂತರೆ ತಡವರಿಸುತ್ತಾರೆ. ನಿಯಮ ಗೊತ್ತಿರುತ್ತದೆ, ಕೈಗೆ ಬಂದಿರುವುದಿಲ್ಲ. ಅದಕ್ಕೊಂದು ಹಳೆಯ ದಾರಿ ಇದೆ. 1706ರಲ್ಲಿ ಹುಟ್ಟಿದ ಅಮೆರಿಕದ ಲೇಖಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ, ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಲೇಖನಗಳನ್ನು ಇಟ್ಟುಕೊಂಡು ಹೀಗೇ ಬರೆಯಲು ಕಲಿತರು.

ಮೊದಲು ನಿಮಗೆ ಇಷ್ಟವಾದ ಒಂದು ಪ್ಯಾರಾ ಆರಿಸಿ. ಏಳೆಂಟು ಸಾಲು ಸಾಕು. ಪ್ರತಿ ವಾಕ್ಯಕ್ಕೆ ಎರಡು ಮೂರು ಪದಗಳ ಸುಳಿವು ಬರೆದುಕೊಂಡು ಮೂಲವನ್ನು ಎತ್ತಿಡಿ. ಮೂರ್ನಾಲ್ಕು ದಿನ ಬಿಟ್ಟು, ಸುಳಿವು ಮಾತ್ರ ನೋಡಿಕೊಂಡು ಇಡೀ ಪ್ಯಾರಾ ಬರೆಯಿರಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಇದನ್ನು ಅವಸರದಲ್ಲಿ ಮಾಡಬೇಡಿ, ನಿಜವಾದ ಕಲಿಕೆ ಇಲ್ಲೇ ಇರುವುದು. ನಮ್ಮ ಬರಹದಲ್ಲಿ ‘ಎ’, ‘ಆ್ಯನ್’, ‘ದಿ’ ಬಿಟ್ಟುಹೋಗಿರುವುದೇ ಜಾಸ್ತಿ. ಕನ್ನಡದಲ್ಲಿ ಅವು ಇಲ್ಲ, ಅಲ್ವಾ? ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ಕಣ್ಣಲ್ಲ, ಕಿವಿ ಹೇಳಬೇಕು. ‘ಅವರ್’ ಎಂದು ಗಂಟೆಗೆ ಹೇಳುವ ಪದ ಎಚ್‌ನಿಂದ ಶುರುವಾದರೂ ಎಚ್ ಕೇಳಿಸುವುದಿಲ್ಲ. ಹಾಗಾಗಿ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ಯಲ್ಲಿ ಮೊದಲು ಕೇಳುವುದು ‘ಯ’ ಸದ್ದು. ಅದು ‘ಎ ಯೂನಿವರ್ಸಿಟಿ’.

ಇನ್ನೊಂದು ‘ಡಿಸ್ಕಸ್ ಅಬೌಟ್’. ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವಾಗಿನ ‘ಬಗ್ಗೆ’ಯೇ ಇಲ್ಲಿ ‘ಅಬೌಟ್’ ಆಗಿ ನುಸುಳಿದೆ. ಇಂಗ್ಲಿಷಿನಲ್ಲಿ ‘ವಿ ಡಿಸ್ಕಸ್ಡ್ ಇಟ್’ ಅಂದರೆ ಮುಗಿಯಿತು.

ಸಿಕ್ಕ ತಪ್ಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಾರಕ್ಕೆ ಒಂದೇ ತಪ್ಪನ್ನು ಹಿಡಿಯಿರಿ. ಆ ವಾರ ಬರೆದದ್ದರಲ್ಲೆಲ್ಲ ಅದನ್ನು ಮಾತ್ರ ಹುಡುಕಿ.

ದಿನನಿತ್ಯದ ಬರಹದಲ್ಲಿ ಮೊದಲು ಬೇಕಾದದ್ದು ಕತ್ತರಿ. ‘ಐ ಆ್ಯಮ್ ರೈಟಿಂಗ್ ದಿಸ್ ಮೇಲ್ ಟು ಇನ್‌ಫಾರ್ಮ್ ಯು ದಟ್ ದಿ ಮೀಟಿಂಗ್ ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಟು ಮಂಡೇ’ ಎಂದು ಬರೆದಿದ್ದೀರಿ ಅನ್ನಿ. ಮೇಲ್ ಬರೆಯುತ್ತಿದ್ದೀರಿ ಎಂದು ಓದುವವರಿಗೆ ಗೊತ್ತೇ ಇದೆ. ‘ದಿ ಮೀಟಿಂಗ್ ಈಸ್ ಪೋಸ್ಟ್‌ಪೋನ್ಡ್ ಟು ಮಂಡೇ’ ಸಾಕು.

ವಾಕ್ಯಕ್ಕೆ ಬಿಗಿ ಬರಬೇಕಾದರೆ ಭಾರದ ಪದವನ್ನು ಕೊನೆಗೆ ಇಡಿ. ‘ವಿ ಲಾಸ್ಟ್ ಎವೆರಿಥಿಂಗ್ ಇನ್ ದಿ ಫೈರ್’ ತಪ್ಪೇನಲ್ಲ. ಆದರೆ ‘ಇನ್ ದಿ ಫೈರ್ ವಿ ಲಾಸ್ಟ್ ಎವೆರಿಥಿಂಗ್’ ಎಂದು ಓದಿ ನೋಡಿ. ‘ಎವೆರಿಥಿಂಗ್’ ಎಂಬಲ್ಲಿ ಮಾತು ನಿಂತುಬಿಡುತ್ತದೆ, ಓದುವವರೂ ಅಲ್ಲೇ ನಿಲ್ಲುತ್ತಾರೆ. ಬೆಂಕಿ ಆಮೇಲೆ ಬಂದರೆ ಆ ನಷ್ಟ ತೆಳುವಾಗುತ್ತದೆ.

ಕಳಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಆಗುವುದಿಲ್ಲ. ಉಸಿರು ಸಾಲದ ಜಾಗದಲ್ಲಿ ವಾಕ್ಯ ಉದ್ದವಾಗಿದೆ ಎಂದರ್ಥ. ಅಲ್ಲೊಂದು ಚುಕ್ಕಿ ಇಡಿ.