ಕೊಳೆಯಾದ ಮೊಲಕ್ಕೆ ಸ್ನಾನ ಬೇಡ

ಯಾರೋ ಸಾಕಿ ಕೈಬಿಟ್ಟ ಮೊಲ ಮನೆಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಕೊಳೆ. ಹಿಂಗಾಲೆಲ್ಲ ಹಳದಿ, ಬಾಲದಡಿ ಹಿಕ್ಕೆ ಮೆತ್ತಿಕೊಂಡ ಗಂಟು, ಮೂಗಿಗೆ ಹೊಡೆಯುವ ಮೂತ್ರದ ಘಾಟು. ಬಕೆಟ್ ನೀರು, ಶಾಂಪೂ ತರೋಣ ಅನ್ನಿಸುವುದು ಸಹಜ. ದಯವಿಟ್ಟು ತರಬೇಡಿ. ಮೊಲದ ತುಪ್ಪಳ ಬಲು ದಟ್ಟ. ಬುಡದವರೆಗೆ ನೆನೆದರೆ ಒಣಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಮೈ ತಣ್ಣಗಾಗಿಬಿಡುತ್ತದೆ. ಸೊರಗಿದ ಮೊಲ ಆ ಚಳಿಗೆ, ಹೆದರಿಕೆಗೆ ಸತ್ತೇ ಹೋಗಬಹುದು.

ಮೊದಲು ಮೈ ನೋಡಿ

ನೆಲದ ಮೇಲೆ ಟವೆಲ್ ಹಾಸಿ, ನೀವೂ ನೆಲದಲ್ಲೇ ಕೂತು ನೋಡಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಲಿ. ಹಿಂಗಾಲಿಗೆ ಆಸರೆ ಸಿಗದೆ ಜೋರಾಗಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅಂಗಾತ ಮಲಗಿಸಿದರೆ ಅಲುಗಾಡದೆ ಬಿದ್ದಿರುತ್ತದೆ ನಿಜ. ಅದು ನೆಮ್ಮದಿಯಲ್ಲ, ಭಯಕ್ಕೆ ಮರಗಟ್ಟಿರುವುದು.

ಬಾಲದ ಸುತ್ತಲಿನ ಕೂದಲು ಬಿಡಿಸಿ ಬ್ಯಾಟರಿ ಬಿಟ್ಟು ನೋಡಿ. ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಯೋ ಹುಳವೋ ಕಂಡರೆ ಉಳಿದದ್ದೆಲ್ಲ ಬಿಟ್ಟು ಪಶುವೈದ್ಯರ ಬಳಿ ಓಡಿ. ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಮಾಂಸಕ್ಕೆ ಇಳಿಯುತ್ತದೆ. ಕಿವಿಯೊಳಗೆ, ಮೂಗಿನ ಮೇಲೆ, ಉಗುರಿನ ಬುಡದಲ್ಲಿ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಬಹುಮಟ್ಟಿಗೆ ಕಜ್ಜಿ. ಹಕ್ಕಳೆ ಕೀಳಬೇಡಿ, ಅಡಿಯಲ್ಲಿ ಹಸಿ ಗಾಯವಿರುತ್ತದೆ. ವೈದ್ಯರು ತೂಕ ನೋಡಿ ಕಜ್ಜಿಹುಳ ಕೊಲ್ಲುವ ಐವರ್‌ಮೆಕ್ಟಿನ್ ಅಥವಾ ಸೆಲಾಮೆಕ್ಟಿನ್ ಔಷಧಿ ಕೊಟ್ಟರೆ ಅದು ತಾನಾಗಿ ಉದುರುತ್ತದೆ. ನಾಯಿಯ ಚಿಗಟ, ಉಣ್ಣೆಗೆಂದು ತಂದ ಫಿಪ್ರೊನಿಲ್ ಹನಿ ಮಾತ್ರ ಹಾಕಲೇಬೇಡಿ, ಮೊಲದ ಪಾಲಿಗೆ ಅದು ವಿಷ. ಕಜ್ಜಿ ನಿಮಗೂ ತುರಿಕೆ ತರಬಹುದು, ಕೈಗವಸು ಹಾಕಿಕೊಳ್ಳಿ. ಮನೆಯಲ್ಲಿರುವ ಬೇರೆ ಮೊಲಗಳಿಂದ ಮೂರು-ನಾಲ್ಕು ವಾರ ದೂರವಿಡಿ. ಹೆಣ್ಣಾದರೆ ಗಬ್ಬವಾಗಿರಲೂಬಹುದು, ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ.

ಕೊಳೆ ನಾಲ್ಕು ದಿನ ಕಾಯುತ್ತದೆ, ಕರುಳು ಕಾಯುವುದಿಲ್ಲ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಜೀವಕ್ಕೇ ಅಪಾಯ. ಮೊಲದ ಮೈಯಷ್ಟು ಗಾತ್ರದ ಒಣಹುಲ್ಲಿನ ಗುಡ್ಡೆ, ಮಗುಚದಂಥ ಭಾರದ ಬಟ್ಟಲಲ್ಲಿ ನೀರು ಸದಾ ಇರಲಿ. ಭತ್ತದ ಹುಲ್ಲು ಹಾಸಲು ಸಾಕು, ಹೊಟ್ಟೆಗೆ ಸಾಲದು. ಒಣಗಿಸಿದ ಗರಿಕೆ ಅಥವಾ ರೋಡ್ಸ್ ಹುಲ್ಲು ಒಳ್ಳೆಯದು. ಕೊತ್ತಂಬರಿ, ಪುದೀನ ಏನೇ ಕೊಟ್ಟರೂ ಒಂದು ಸಲಕ್ಕೆ ಒಂದೇ ಬಗೆ, ಸ್ವಲ್ಪವೇ ಕೊಟ್ಟು ಎರಡು ದಿನ ಹಿಕ್ಕೆ ನೋಡಿ. ಆಹಾರ ದಿಢೀರನೆ ಬದಲಾದರೆ ಭೇದಿಯಾಗಬಹುದು.

ಗಂಟು ಬಿಡಿಸುವುದು

ಇದು ತಾಳ್ಮೆಯ ಕೆಲಸ. ಕತ್ತರಿ ದೂರವಿಡಿ. ಗಂಟು ಎಳೆದಾಗ ಒದ್ದೆ ಕಾಗದದಂಥ ತೆಳು ಚರ್ಮವೂ ಗುಡಾರದಂತೆ ಮೇಲೆದ್ದು ಕೂದಲೊಳಗೆ ಸೇರಿಕೊಳ್ಳುತ್ತದೆ; ಕತ್ತರಿಗೆ ಸಿಕ್ಕುವುದು ಅದೇ. ಅಡುಗೆಯ ಕಾರ್ನ್‌ಫ್ಲೋರ್ ಒಂದು ಚಮಚ ಗಂಟಿನ ಮೇಲೆ ಉದುರಿಸಿ ಬೆರಳಿನಿಂದ ಉಜ್ಜಿ. ಟಾಲ್ಕಮ್ ಪೌಡರ್ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಕಾರ್ನ್‌ಫ್ಲೋರ್ ಜಿಡ್ಡು ಹೀರಿ ಎಳೆಗಳು ಸಡಿಲವಾಗುತ್ತವೆ. ಎಡಗೈ ಎರಡು ಬೆರಳಿಂದ ಗಂಟಿನ ಬುಡ ಒತ್ತಿ ಹಿಡಿಯಿರಿ, ಚರ್ಮ ಎಳೆಯಬಾರದು. ಬಲಗೈಯಿಂದ ಗಂಟನ್ನು ಎರಡಾಗಿ, ನಾಲ್ಕಾಗಿ ಸೀಳುತ್ತ ಬನ್ನಿ. ಹೇನು ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚಿ. ಹತ್ತು ನಿಮಿಷಕ್ಕೆ ನಿಲ್ಲಿಸಿ, ಮಿಕ್ಕದ್ದು ನಾಳೆ. ಹೊಟ್ಟೆಯಡಿ ಇಡೀ ಕಂಬಳಿಯಂತೆ ಜಡೆಗಟ್ಟಿದ್ದರೆ ವೈದ್ಯರೇ ಮಷಿನ್ನಿನಿಂದ ಬೋಳಿಸಲಿ.

ಹಿಕ್ಕೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮಾತ್ರ ನೀರು. ಬೇಸಿನ್ನಿನಲ್ಲಿ ಎರಡು ಇಂಚು ಉಗುರುಬೆಚ್ಚಗಿನ ನೀರು, ಅದರಲ್ಲಿ ಹಿಂಭಾಗ ಮಾತ್ರ, ಐದು ನಿಮಿಷ. ನೆನೆದದ್ದನ್ನು ಬೆರಳಿಂದ ಮೆಲ್ಲಗೆ ಬಿಡಿಸಿ, ಟವೆಲ್ಲಿನಿಂದ ಒತ್ತಿ ಪೂರ್ತಿ ಒಣಗಿಸಿ. ಚರ್ಮ ಕೆಂಪಾಗಿ ಕೂದಲು ಉದುರಿದ್ದರೆ ಮೂತ್ರಕ್ಕೆ ಬೆಂದಿದೆ ಎಂದರ್ಥ. ಮನೆಯ ಮುಲಾಮು ಹಚ್ಚಿದರೆ ನೆಕ್ಕಿಬಿಡುತ್ತದೆ, ವೈದ್ಯರನ್ನೇ ಕೇಳಿ.

ಉಗುರನ್ನು ಒಳಗಿನ ಕೆಂಪು ನರಕ್ಕಿಂತ ಎರಡು ಮಿಲಿಮೀಟರ್ ಆಚೆಗೇ ಕತ್ತರಿಸಿ. ಕಪ್ಪು ಉಗುರಾದರೆ ಹಿಂದಿನಿಂದ ಬ್ಯಾಟರಿ ಹಿಡಿದರೆ ನರ ಕಾಣುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಬೆಳೆದ ಹಲ್ಲಿಗೆ ಕಟರ್ ಹಾಕಬೇಡಿ, ಬುಡದವರೆಗೆ ಸೀಳುತ್ತದೆ.

ಮತ್ತೆ ಕೊಳೆಯಾದರೆ

ಆರೋಗ್ಯವಂತ ಮೊಲ ತನ್ನ ಮೈ ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುತ್ತದೆ. ವಾರದೊಳಗೆ ಮತ್ತೆ ಹಿಂಭಾಗ ಕೊಳೆಯಾದರೆ ಕಾರಣ ಹುಡುಕಬೇಕು. ಬೊಜ್ಜಿನ ಮೊಲ ಹಿಂದಕ್ಕೆ ಬಾಗಲಾರದು. ಗಟ್ಟಿ ಹಿಕ್ಕೆಯ ಜೊತೆಗೆ ಮೊಲ ಹಾಕುವ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಅದು ಪೋಷಣೆಗಾಗಿ ತಾನೇ ಮತ್ತೆ ತಿನ್ನಬೇಕು. ಬಾಯಿಗೆ ಎಟುಕದಿದ್ದರೆ ಅಲ್ಲೇ ಅಂಟುತ್ತದೆ. ಕೀಲುನೋವು, ಹಲ್ಲುನೋವು, ಮೂತ್ರದ ಹರಳು ಕೂಡ ಹೀಗೇ ಮಾಡುತ್ತವೆ.

ಹಿಂಗಾಲ ಹಿಮ್ಮಡಿಯಲ್ಲಿ ಕೂದಲು ಸವೆದು ಹುಣ್ಣಾಗಿದ್ದರೆ ಅದು ಹೆಚ್ಚಾಗಿ ತಂತಿ ಪಂಜರದ ಕೊಡುಗೆ. ತಂತಿಯ ಮೇಲೆ ಹಲಗೆ ಇಟ್ಟು ದಪ್ಪ ಹತ್ತಿ ಬಟ್ಟೆ ಹಾಸಿ, ದಿನವೂ ಬದಲಿಸಿ. ತಟ್ಟೆಯಲ್ಲಿ ಸುಣ್ಣದಂತೆ ಕಟ್ಟಿದ ಮೂತ್ರದ ಪದರಕ್ಕೆ ಬಿಳಿ ವಿನೆಗರ್ ಸುರಿದು ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಹೋಗುತ್ತದೆ. ಪಾದದ ಹಳದಿ ಕಲೆ ಮಾತ್ರ ಹಾಗೆ ಹೋಗುವುದಿಲ್ಲ. ಉಜ್ಜಬೇಡಿ, ಮುಂದೆ ಹಳೆ ತುಪ್ಪಳ ಉದುರಿ ಹೊಸದು ಬಂದಾಗ ಪಾದ ತಾನೇ ಬೆಳ್ಳಗಾಗುತ್ತದೆ.