ಹಂದಿ ಮಾರುಕಟ್ಟೆಯ ಏರಿಳಿತ ನೋಡಿ ಹಿಂಡು ಹೆಚ್ಚಿಸುವುದು ಹೇಗೆ

ದರ ಏರಿದಾಗ ತಾಯಿ ಹಂದಿಗಳನ್ನು ಹೆಚ್ಚಿಸಿದವರು ಮಾರುವ ಹೊತ್ತಿಗೆ ದರ ಇಳಿದಿರುವುದೇ ಹೆಚ್ಚು. ಗಬ್ಬದ ಅವಧಿ ಸುಮಾರು 114 ದಿನ. ಹುಟ್ಟಿದ ಮರಿ 100 ಕಿಲೋ ದಾಟಲು ಐದೂವರೆ–ಆರು ತಿಂಗಳು. ಇಂದು ಗಬ್ಬ ಕಟ್ಟಿಸಿದರೆ ಹಣ ಕಾಣುವುದು ಒಂಬತ್ತು–ಹತ್ತು ತಿಂಗಳ ಮೇಲೆ. ಅಷ್ಟರಲ್ಲಿ ಅದೇ ದರ ನೋಡಿ ಹಿಂಡು ಹೆಚ್ಚಿಸಿದ ಸುತ್ತಲಿನವರ ಹಂದಿಗಳೂ ಮಾರಾಟಕ್ಕೆ ಬಂದಿರುತ್ತವೆ.

ಹಾಗಾಗಿ ಬರೀ ದರ ನೋಡಬೇಡಿ. ಒಂದು ಕಿಲೋ ಜೀವಂತ ತೂಕದ ದರವನ್ನು ಒಂದು ಕಿಲೋ ಆಹಾರದ ದರದಿಂದ ಭಾಗಿಸಿ, ಪ್ರತಿ ತಿಂಗಳೂ ಬರೆದಿಡಿ. ಖರ್ಚಿನಲ್ಲಿ ಆಹಾರದ್ದೇ ದೊಡ್ಡ ಪಾಲು, ಸಾಮಾನ್ಯವಾಗಿ ಶೇ. 60–70. ಮೆಕ್ಕೆಜೋಳವೋ ಸೋಯಾ ಹಿಂಡಿಯೋ ದುಬಾರಿಯಾದರೆ ಒಳ್ಳೆಯ ದರವೂ ನಷ್ಟ ತರುತ್ತದೆ.

ಎಷ್ಟು ಅನುಪಾತ ಸಾಕು? ಆಹಾರದ ಕಿಲೋ ದರವನ್ನು 1 ಎಂದಿಟ್ಟುಕೊಳ್ಳಿ. 25 ಕಿಲೋ ಮರಿಯನ್ನು 105 ಕಿಲೋಗೆ ತರಬೇಕು. ಅಂದರೆ 80 ಕಿಲೋ ಹೆಚ್ಚಬೇಕು; ಹೆಚ್ಚುವ ಪ್ರತಿ ಕಿಲೋ ತೂಕಕ್ಕೆ 3 ಕಿಲೋ ಆಹಾರದಂತೆ 240. ಮರಿಯ ಬೆಲೆ 100, ಕೂಲಿ, ಔಷಧ, ಇತರೆ 40 ಎಂದುಕೊಂಡರೆ ಒಟ್ಟು 380. ಇದನ್ನು 105ರಿಂದ ಭಾಗಿಸಿದರೆ 3.6. ಅನುಪಾತ ಅದಕ್ಕಿಂತ ಕೆಳಗಿದ್ದರೆ ನಷ್ಟ. ನೂರಕ್ಕೆ ನಾಲ್ಕು ಸತ್ತರೆ 3.8ರ ಹತ್ತಿರ ಬೇಕು. ತೊಟ್ಟಿಯಿಂದ ಆಹಾರ ಚೆಲ್ಲಿಹೋಗಿ 3 ಕಿಲೋ ಬದಲು 3.4 ಹಿಡಿದರೆ, ಸಾವಿಲ್ಲದಿದ್ದರೂ 3.9. ಮರಿಯ ಬೆಲೆ, ಇತರೆ ಖರ್ಚು ನಿಮ್ಮವೇ ಹಾಕಿ. ಇವು ಲೆಕ್ಕದ ದಾರಿ ತೋರಿಸಲು ಮಾತ್ರ.

ಮುಂದಿನ ದರದ ಸುಳಿವು ಕಸಾಯಿಖಾನೆಯಲ್ಲಿದೆ. ತಾಯಿ ಹಂದಿಗಳೇ ಹೆಚ್ಚಾಗಿ ಬರುತ್ತಿದ್ದರೆ ಜನ ಹಿಂಡು ಇಳಿಸುತ್ತಿದ್ದಾರೆ. ಸದ್ಯಕ್ಕೆ ದರ ಇನ್ನೂ ಬೀಳಬಹುದು, ಆದರೆ ಹತ್ತು ತಿಂಗಳಾಚೆ ಪೂರೈಕೆ ಕಡಿಮೆ. ಹಿಂಡು ಹೆಚ್ಚಿಸಲು ಧೈರ್ಯ ಮಾಡಬೇಕಾದ್ದು ಆಗಲೇ. ಸರಾಸರಿ ತೂಕ ಏರುತ್ತಿದ್ದರೆ ಮಾರಾಟವಾಗದೆ ಹಂದಿ ಕೊಟ್ಟಿಗೆಯಲ್ಲೇ ಉಳಿಯುತ್ತಿರಬಹುದು. ಹಬ್ಬದ ತಿಂಗಳ ಏರಿಕೆಯನ್ನು ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ.

ಆಫ್ರಿಕನ್ ಹಂದಿ ಜ್ವರದಿಂದ ಬಂದ ಏರಿಕೆ ಬೇರೆ ಲೆಕ್ಕ. ರೋಗ ಹತ್ತಿರ ಬಂದರೆ ಸಾಗಾಟ ನಿಲ್ಲಿಸುತ್ತಾರೆ. ಮಾರಲಾಗದ ಹಂದಿಗಳು ತಿನ್ನುತ್ತಲೇ ಇರುತ್ತವೆ, ತೂಕ ಹೆಚ್ಚಿದಂತೆ ಕಿಲೋಗೆ ಬೇಕಾಗುವ ಆಹಾರವೂ ಹೆಚ್ಚುತ್ತದೆ. ಹಾಗಾಗಿ ಹಿಂಡು ಹೆಚ್ಚಿಸುವ ಮೊದಲು ಕನಿಷ್ಠ ಎರಡು ತಿಂಗಳ ಆಹಾರದ ಹಣ ಪ್ರತ್ಯೇಕವಾಗಿಡಿ.