ಬರದ ಪೆಟ್ಟು ತಡವಾಗಿ ಕಾಣುತ್ತದೆ: ವನ್ಯಜೀವಿ ಸಂಖ್ಯೆಯ ಮಾದರಿ ಕಟ್ಟುವ ಬಗೆ

ನಾನು ಕಟ್ಟಿದ ಮೊದಲ ಮಾದರಿಯಲ್ಲಿ, ಅಂದರೆ ಪ್ರಾಣಿಗಳ ಸಂಖ್ಯೆ ಏಕೆ ಏರಿಳಿಯುತ್ತದೆಂದು ಊಹಿಸುವ ಲೆಕ್ಕದಲ್ಲಿ, ಎರಡೇ ಕಾಲಂ ಇದ್ದವು. ಒಂದರಲ್ಲಿ ಆ ವರ್ಷದ ಮಳೆ, ಇನ್ನೊಂದರಲ್ಲಿ ಆ ವರ್ಷ ಎಣಿಸಿದ ಬಲಿತ ಜಿಂಕೆಗಳು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ‘ಈ ಜಿಂಕೆಗಳ ಸಂಖ್ಯೆಯ ಮೇಲೆ ಮಳೆಯ ಪ್ರಭಾವವಿಲ್ಲ’ ಎಂದು ವರದಿ ಬರೆದೆ. ಬರದಲ್ಲಿ ಸತ್ತ ಮರಿಗಳನ್ನು ಕಣ್ಣಾರೆ ಕಂಡ ಮೇಲೂ ಹಾಗೆ ಬರೆದೆನಲ್ಲ ಎಂಬ ನೋವು ಇನ್ನೂ ಹೋಗಿಲ್ಲ. ನೀವು ಆ ತಪ್ಪು ಮಾಡದಿರಲಿ ಎಂದೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಆ ಪ್ರಾಣಿಯ ಬದುಕನ್ನು ಬರೆದುಕೊಳ್ಳಿ. ಮರಿ, ವರ್ಷ ತುಂಬಿದ್ದು, ಬಲಿತದ್ದು ಎಂದು ಮೂರು ವೃತ್ತ ಸಾಕು. ಒಂದು ವೃತ್ತದಿಂದ ಇನ್ನೊಂದಕ್ಕೆ ಬಾಣ ಎಳೆದು, ಎಷ್ಟು ಪಾಲು ಬದುಕಿ ಮುಂದಕ್ಕೆ ಹೋಗುತ್ತದೆ ಎಂದು ಬಾಣದ ಮೇಲೆ ಬರೆಯಿರಿ. ಹೆಣ್ಣುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕೆಲಸ ಹಗುರ. ಎಣಿಕೆ ಮರಿ ಹಾಕುವ ಕಾಲಕ್ಕೆ ಮೊದಲೋ ಆಮೇಲೋ ಎಂಬುದನ್ನು ಅದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಅದು ತಪ್ಪಿದರೆ ಮರಿಗಳ ಸಾವು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಈ ಚಿತ್ರವನ್ನೇ 1945ರಲ್ಲಿ ವಿಜ್ಞಾನಿ ಪ್ಯಾಟ್ರಿಕ್ ಲೆಸ್ಲಿ ಮ್ಯಾಟ್ರಿಕ್ಸ್ ರೂಪಕ್ಕೆ, ಅಂದರೆ ಅಡ್ಡಸಾಲು ಉದ್ದಸಾಲುಗಳ ಅಂಕಿಕೋಷ್ಟಕಕ್ಕೆ, ತಂದರು. ಮೂರು ವಯೋಗುಂಪುಗಳಿಗಾದರೆ ಒಂದು ಸ್ಪ್ರೆಡ್‌ಶೀಟ್ ಧಾರಾಳ.

ಕಲ್ಪಿತ ಅಂಕಿಗಳಿಂದ ಒಂದು ಲೆಕ್ಕ ಮಾಡೋಣ. ಮರಿಗಳು ಹುಟ್ಟಿದ ಮೇಲೆ ಎಣಿಸಿದಾಗ 100 ಬಲಿತ ಹೆಣ್ಣು, 20 ವರ್ಷ ತುಂಬಿದವು, 40 ಹೆಣ್ಣು ಮರಿಗಳು ಇವೆ. ಮರಿಗಳಲ್ಲಿ ಅರ್ಧ ಬದುಕುತ್ತವೆ (0.5), ವರ್ಷ ತುಂಬಿದವುಗಳಲ್ಲಿ 0.8, ಬಲಿತವುಗಳಲ್ಲಿ 0.9. ಪ್ರತಿ ಬಲಿತ ಹೆಣ್ಣಿಗೆ ಸರಾಸರಿ 0.4 ಹೆಣ್ಣು ಮರಿ. ಮುಂದಿನ ವರ್ಷ ಬಲಿತವು 90 + 16 = 106. ವರ್ಷ ತುಂಬಿದವು 20. ಹೀಗೇ ನಡೆದರೆ ಹಿಂಡು ವರ್ಷಕ್ಕೆ ಸುಮಾರು ಶೇ. 5ರಷ್ಟು ಬೆಳೆಯುತ್ತದೆ.

ಈಗ ಒಂದೇ ಒಂದು ವರ್ಷ ಬರ ಬಂತು, ಮರಿಗಳ ಬದುಕುಳಿಕೆ 0.25ಕ್ಕೆ ಇಳಿಯಿತು ಎನ್ನಿ. ಮುಂದಿನ ಎಣಿಕೆಯಲ್ಲಿ ಬಲಿತವು ಎಷ್ಟು? ಅದೇ 106! ಒಂದೂ ಕಡಿಮೆಯಿಲ್ಲ. ವರ್ಷ ತುಂಬಿದವು ಮಾತ್ರ 20ರ ಬದಲು 10. ಬಲಿತವುಗಳ ಸಾಲಿನಲ್ಲಿ ಪೆಟ್ಟು ಕಾಣುವುದು ಇನ್ನೂ ಒಂದು ವರ್ಷ ಕಳೆದ ಮೇಲೆ: 111 ಇರಬೇಕಾದಲ್ಲಿ 103. ನಾನು ಮಳೆಯನ್ನೂ ಎಣಿಕೆಯನ್ನೂ ಒಂದೇ ವರ್ಷದ ಸಾಲಿನಲ್ಲಿಟ್ಟು ಹುಡುಕುತ್ತಿದ್ದೆ. ಅಲ್ಲಿ ಇಲ್ಲದ್ದು ಸಿಗುವುದಾದರೂ ಹೇಗೆ? ಹಳೆಯ ಟಿಪ್ಪಣಿಗಳಿಂದ ಮರಿಗಳನ್ನು ಬೇರೆ ಮಾಡಿ ಲೆಕ್ಕ ಹಾಕಿದಾಗ ಮಳೆಯ ಸಂಬಂಧ ಎದ್ದು ಕಂಡಿತು. ವರದಿಯನ್ನು ತಿದ್ದಿ ಮತ್ತೆ ಕಳಿಸಿದೆ.

ಅದೇ ಸ್ಪ್ರೆಡ್‌ಶೀಟ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿ. ಮರಿಗಳ ಬದುಕುಳಿಕೆ ಶಾಶ್ವತವಾಗಿ ಅರ್ಧವಾದರೆ ಹಿಂಡು ವರ್ಷಕ್ಕೆ ಸುಮಾರು ಶೇ. 2ರಷ್ಟು ಕರಗುತ್ತದೆ. ಮರಿಗಳನ್ನು ಮುಟ್ಟದೆ, ಬಲಿತವುಗಳದ್ದನ್ನು 0.9ರಿಂದ 0.8ಕ್ಕೆ ಇಳಿಸಿದರೆ ಸುಮಾರು ಶೇ. 3.4. ನಿಧಾನವಾಗಿ ಮರಿ ಹಾಕಿ ಬಹುಕಾಲ ಬದುಕುವ ಪ್ರಾಣಿಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 1987ರಲ್ಲಿ ಡೆಬೋರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹ್ಯಾಲ್ ಕ್ಯಾಸ್ವೆಲ್ ಲಾಗರ್‌ಹೆಡ್ ಕಡಲಾಮೆಗಳಿಗೆ ಇಂಥದ್ದೇ ಮಾದರಿ ಕಟ್ಟಿದರು. ದಡದ ಮೊಟ್ಟೆಗಳನ್ನು ಎಷ್ಟು ಕಾದರೂ ಅದೊಂದರಿಂದಲೇ ಇಳಿಕೆ ನಿಲ್ಲದು, ಇನ್ನೂ ಬಲಿಯದ ದೊಡ್ಡ ಆಮೆಗಳು ಕಡಲಲ್ಲಿ ಉಳಿಯಬೇಕು ಎಂದು ಅದು ತೋರಿಸಿತು. ಸಿಗಡಿ ಬಲೆಗಳಲ್ಲಿ ಆಮೆ ಹೊರಹೋಗುವ ಕಿಂಡಿ ಇರಬೇಕೆಂಬ ವಾದಕ್ಕೆ ಬಲ ಬಂದದ್ದು ಇದರಿಂದ. ಒಂದು ಲೆಕ್ಕ ಕಾವಲನ್ನು ದಡದಿಂದ ಕಡಲಿನತ್ತ ತಿರುಗಿಸಿತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹುಮ್ಮಸ್ಸು.

ಇನ್ನು ಹವಾಮಾನವನ್ನು ಒಳಗೆ ತರುವ ಮಾತು. ‘ವಾರ್ಷಿಕ ಸರಾಸರಿ ತಾಪಮಾನ’ ಸುಲಭವಾಗಿ ಸಿಗುತ್ತದೆಂದು ಅದನ್ನೇ ಹಾಕಬೇಡಿ. ಮರಿ ಏಕೆ ಸಾಯುತ್ತದೆ ಎಂದು ಕೇಳಿಕೊಳ್ಳಿ. ತಾಯಿಗೆ ಹಾಲು ಬತ್ತುವುದರಿಂದಲಾದರೆ ನಿಮಗೆ ಬೇಕಾದದ್ದು ಹಾಲೂಡುವ ತಿಂಗಳುಗಳ ಮೇವು, ಅದು ಸಿಗದಿದ್ದರೆ ಅದಕ್ಕೆ ಸ್ವಲ್ಪ ಮೊದಲಿನ ಮಳೆ. ಸಂಬಂಧವನ್ನು ಸರಳ ರೇಖೆಯಲ್ಲಿ ಕಟ್ಟಿದರೆ ಕೆಟ್ಟ ಬರದಲ್ಲಿ ಬದುಕುಳಿಕೆ ಸೊನ್ನೆಗಿಂತ ಕೆಳಗಿಳಿಯಬಹುದು. ಆದ್ದರಿಂದ S ಆಕಾರದ ಗೆರೆ ಕೊಡುವ ಲಾಜಿಸ್ಟಿಕ್ ಸೂತ್ರ ಬಳಸಿ. ಉತ್ತರ ಯಾವಾಗಲೂ 0 ಮತ್ತು 1ರ ನಡುವೆಯೇ ಇರುತ್ತದೆ.

ಎಣಿಕೆಯನ್ನೇ ಸತ್ಯವೆಂದು ನಂಬಬೇಡಿ. ಬರದಲ್ಲಿ ಪ್ರಾಣಿಗಳು ಉಳಿದ ನೀರಿನ ಬಳಿ ಕೂಡುತ್ತವೆ, ಎಲೆ ಉದುರಿ ಕಾಡು ಬಯಲಾಗುತ್ತದೆ. ಸಾಯುತ್ತಿರುವ ವರ್ಷದಲ್ಲೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಒಂದೇ ಜಾಗವನ್ನು ಒಂದೇ ಋತುವಿನಲ್ಲಿ ಮೂರು ನಾಲ್ಕು ಸಲ ಎಣಿಸಿದ್ದರೆ, ಅಥವಾ ಗುರುತು ಹಚ್ಚಿದ ಪ್ರಾಣಿಗಳಿದ್ದರೆ, ಕಣ್ಣಿಗೆ ಬೀಳುವ ಸಂಭವವನ್ನು ಬೇರೆಯಾಗಿ ಅಂದಾಜಿಸಬಹುದು.

ಸಾಂದ್ರತೆಯನ್ನೂ, ಅಂದರೆ ಇರುವ ಜಾಗದಲ್ಲಿ ಪ್ರಾಣಿಗಳು ಎಷ್ಟು ಒತ್ತಾಗಿವೆ ಎಂಬುದನ್ನೂ, ಬಿಡಬೇಡಿ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾದ ಹಿರ್ಟಾ ದ್ವೀಪಕ್ಕೆ 1932ರಲ್ಲಿ 107 ಸೋಯೆ ಕುರಿಗಳನ್ನು ತಂದು ಬಿಟ್ಟರು. 1985ರಿಂದ ಅವುಗಳನ್ನು ಒಂದೊಂದಾಗಿ ಗುರುತಿಟ್ಟು ಅಧ್ಯಯನ ಮಾಡುತ್ತಿದ್ದಾರೆ. ಕುರಿಗಳು ಕಿಕ್ಕಿರಿದಾಗಲೇ ಬಿರುಗಾಳಿಯ ಚಳಿಗಾಲ ಬಂದರೆ ಸಾವು ಹೆಚ್ಚು. ಅದರಲ್ಲೂ ಸಾಯುವುದು ಮರಿಗಳು, ಮುದಿಯವು, ಗಂಡುಗಳು. ನಡುವಯಸ್ಸಿನ ಹೆಣ್ಣುಗಳು ತಡೆದುಕೊಳ್ಳುತ್ತವೆ. ಅಂದರೆ ಸಂಖ್ಯೆ ಒಂದೇ ಇದ್ದರೂ, ಹಿಂಡಿನಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದೇ ಚಳಿಯ ಫಲ ಬೇರೆ.

ಮುಂದಿನ ವರ್ಷಗಳನ್ನು ಓಡಿಸುವಾಗ ಸರಾಸರಿ ವರ್ಷವೊಂದನ್ನೇ ಮತ್ತೆ ಮತ್ತೆ ಹಾಕಬೇಡಿ. ಒಳ್ಳೆಯ ವರ್ಷ 1.2 ಪಟ್ಟು, ಕೆಟ್ಟ ವರ್ಷ 0.8 ಪಟ್ಟು ಆದರೆ ಸರಾಸರಿ 1, ಸಂಖ್ಯೆ ಇದ್ದಷ್ಟೇ ಉಳಿಯುತ್ತದೆ ಅನ್ನಿಸುತ್ತದೆ. ಗುಣಿಸಿ ನೋಡಿ: 0.96. ಹೀಗೆ ಒಂದಾದ ಮೇಲೊಂದು ಬಂದರೆ ಹತ್ತು ವರ್ಷಕ್ಕೆ 1000 ಪ್ರಾಣಿಗಳು ಸುಮಾರು 815 ಆಗುತ್ತವೆ. ಆದ್ದರಿಂದ ವರ್ಷಗಳನ್ನು ಚೀಟಿ ಎತ್ತಿದಂತೆ ಎತ್ತಿ ಸಾವಿರ ಸಲ ಓಡಿಸಿ. ಎತ್ತುವಾಗ ಇಡೀ ವರ್ಷವನ್ನೇ ಎತ್ತಿ. ಮರಿಗಳನ್ನು ಕೊಲ್ಲುವ ಬರ ತಾಯಂದಿರನ್ನೂ ಬಡಕಲು ಮಾಡುತ್ತದೆ; ಎರಡನ್ನೂ ಬಿಡಿಬಿಡಿಯಾಗಿ ಎತ್ತಿದರೆ ಅಪಾಯ ಕಡಿಮೆಯೆಂದು ಕಾಣುತ್ತದೆ.

ಪರೀಕ್ಷೆಗೆಂದು ಕೊನೆಯ ಕೆಲವು ವರ್ಷಗಳ ಎಣಿಕೆಯನ್ನು ಮಾದರಿಗೆ ಕೊಡದೆ ತೆಗೆದಿಡಿ, ಆಮೇಲೆ ಊಹೆಯನ್ನು ಅದರೊಂದಿಗೆ ಹೋಲಿಸಿ. ಫಲಿತಾಂಶವನ್ನು ಒಂದೇ ಗೆರೆಯಾಗಿ ತೋರಿಸದೆ, ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ಹೇಳುವ ಅಗಲದ ಪಟ್ಟೆಯಾಗಿ ತೋರಿಸಿ. ನಿಮ್ಮ ದತ್ತಾಂಶದಲ್ಲಿ ಒಮ್ಮೆಯೂ ಬಾರದಷ್ಟು ಬಿಸಿಯಾದ ವರ್ಷಗಳು ಮುಂದೆ ಬಂದಲ್ಲಿ ನಾನು ಆ ಪಟ್ಟೆಯ ಗೆರೆಗಳನ್ನು ಚುಕ್ಕಿಗಳಿಗೆ ಬದಲಿಸುತ್ತೇನೆ, ಯಾವ ವರ್ಷದಿಂದ ಹಾಗೆ ಮಾಡಿದೆ ಎಂದು ಗ್ರಾಫಿನ ಮೇಲೆಯೇ ಬರೆಯುತ್ತೇನೆ.